ಅಮುಲ್ ಲ್ಯಾಕ್ಟೋಸ್ ಫ್ರೀ ಹಾಲು: ಅಮ್ಮನ ರಾತ್ರಿ ಲೋಟಕ್ಕೆ ಸರಿಹೋಯ್ತು

ಮೂರು ತಿಂಗಳಿಂದ ಅಮ್ಮನಿಗೆ ಈ ಹಾಲು ತರುತ್ತಿದ್ದೇನೆ. 250 ಮಿಲಿ ಟೆಟ್ರಾ ಪ್ಯಾಕ್, ಸರಿಯಾಗಿ ಒಂದು ದೊಡ್ಡ ಲೋಟ.

ಅರವತ್ತು ದಾಟಿದ ಮೇಲೆ ಮೂಳೆಗೆ ಒಳ್ಳೆಯದು ಅಂತ ಅಮ್ಮ ರಾತ್ರಿ ಹಾಲು ಶುರು ಮಾಡಿದರು. ಅವತ್ತಿನಿಂದಲೇ ಹೊಟ್ಟೆ ಉಬ್ಬರ, ಗುಡುಗುಡು, ಬೆಳಗಾಗುವಷ್ಟರಲ್ಲಿ ಭೇದಿ. ಮೊಸರನ್ನ ತಿಂದರೆ ಏನೂ ಆಗುತ್ತಿರಲಿಲ್ಲ. ಗ್ಯಾಸ್ಟ್ರಿಕ್ ಅಂದುಕೊಂಡು ಒಂದು ವರ್ಷ ಸುಮ್ನೆ ಮಾತ್ರೆ ನುಂಗಿದರು. ಕೊನೆಗೆ ಒಬ್ಬರು ಡಾಕ್ಟರ್ ಕೂರಿಸಿಕೊಂಡು ಹೇಳಿದರು: "ಇದು ಕಾಯಿಲೆ ಅಲ್ಲಮ್ಮ. ಕರು ದೊಡ್ಡದಾದ ಮೇಲೆ ಹಾಲು ಬಿಡುತ್ತಲ್ವಾ, ಹಾಗೇ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಾಲಿನ ಸಕ್ಕರೆ ಅಂದರೆ ಲ್ಯಾಕ್ಟೋಸ್. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಮೊಲೆ ಬಿಟ್ಟ ಮೇಲೆ ಪ್ರಾಣಿಗಳಲ್ಲಿ ಅದು ಕಡಿಮೆಯಾಗುತ್ತದೆ, ಮನುಷ್ಯರಲ್ಲೂ ಮೊದಲಿನಿಂದ ಹಾಗೇ. ದನ, ಒಂಟೆ ಸಾಕಿ ಹಾಲು ಕುಡಿಯಲು ಶುರು ಮಾಡಿದ ಜನರಲ್ಲಿ, ಕಳೆದ 10,000 ವರ್ಷಗಳ ಒಳಗೆ, ಜೀನ್‌ನಲ್ಲಿ ಒಂದು ಚಿಕ್ಕ ಬದಲಾವಣೆ ಹರಡಿ ಆ ಕಿಣ್ವ ಕೊನೆತನಕ ಉಳಿಯಿತು. ಯೂರೋಪಿನಲ್ಲಿ ಒಂದು ಬಗೆ, ಪೂರ್ವ ಆಫ್ರಿಕಾದಲ್ಲಿ ಬೇರೆ ಬಗೆ. ನಮ್ಮ ದೇಶದಲ್ಲಿ ವಾಯವ್ಯದ ಕಡೆ ಅದು ಜಾಸ್ತಿ, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಪ್ರಪಂಚದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಅಮ್ಮನ ಹಾಗೇ ಈ ಕಿಣ್ವ ಕಡಿಮೆ. ಇಷ್ಟು ಜನರ ಸಹಜ ಸ್ಥಿತಿಗೆ 'ಕೊರತೆ' ಅಂತ ಹೆಸರಿಟ್ಟಿದ್ದು ನನಗೆ ಈಗಲೂ ಬೇಜಾರು. ಎಷ್ಟು ಮಂದಿ ನನ್ನ ಅಮ್ಮನ ಹಾಗೆ ಬೇಡದ ಮಾತ್ರೆ ನುಂಗುತ್ತಿದ್ದಾರೋ.

ಈಗ ಹಾಲಿನ ವಿಷಯ. ಇದರಿಂದ ಲ್ಯಾಕ್ಟೋಸನ್ನು ಸೋಸಿ ತೆಗೆದಿರುವುದಿಲ್ಲ. ಲ್ಯಾಕ್ಟೇಸ್ ಹಾಕಿ ಅದನ್ನು ಮೊದಲೇ ಗ್ಲೂಕೋಸ್, ಗ್ಯಾಲಕ್ಟೋಸ್ ಆಗಿ ಒಡೆದಿರುತ್ತಾರೆ, ಅದಕ್ಕೇ ನಾಲಿಗೆಗೆ ಸಿಹಿ. ಮೊದಲ ದಿನ ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು "ಸಕ್ಕರೆ ಯಾಕೆ ಹಾಕಿದೆ?" ಅಂದರು. ನಾನು ಒಂದು ಕಾಳೂ ಹಾಕಿರಲಿಲ್ಲ. ಆ ರಾತ್ರಿ ಹೊಟ್ಟೆ ತಣ್ಣಗಿತ್ತು, ಮರುದಿನವೂ.

ಪಾಯಸಕ್ಕೆ ಬಳಸಿದರೆ ಸಕ್ಕರೆ ಕಡಿಮೆ ಹಾಕಿ, ಉರಿಯೂ ಸಣ್ಣಗಿರಲಿ, ಮಾಮೂಲಿ ಹಾಲಿಗಿಂತ ಬೇಗ ಕೆಂಪಾಗುತ್ತದೆ. ಶುಗರ್ ಇರುವವರು ಹೆಸರು ನೋಡಿ ಸಕ್ಕರೆ ಇಲ್ಲ ಅಂದುಕೊಳ್ಳಬೇಡಿ, ಒಟ್ಟು ಸಕ್ಕರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಲಿನ ಅಲರ್ಜಿ ಇರುವ ಮಕ್ಕಳಿಗೆ ಇದನ್ನು ಕೊಡಲೇಬೇಡಿ, ಅದು ಪ್ರೋಟೀನಿನ ತೊಂದರೆ, ಆ ಪ್ರೋಟೀನ್ ಇದರಲ್ಲೂ ಇದೆ.

ಪ್ಯಾಕೆಟ್ ಹಾಲಿಗಿಂತ ದುಬಾರಿ, ಹಾಗಾಗಿ ಇಡೀ ಮನೆಗೆ ತರಲ್ಲ. ಅಮ್ಮನ ಕಾಫಿಗೆ ಈಗಲೂ ಮಾಮೂಲಿ ಹಾಲೇ. ಅಷ್ಟು ಚೂರು ಹಾಲನ್ನು ಅವರ ಹೊಟ್ಟೆ ತಡೆದುಕೊಳ್ಳುತ್ತದೆ.