ಕಡಿಮೆ ಬಜೆಟ್‌ನ ಮೊದಲ ಗೇಮಿಂಗ್ ಪಿಸಿ: ಎರಡು ವರ್ಷ ಬಳಸಿದ ಮೇಲೆ ಹೇಳುತ್ತಿದ್ದೇನೆ

ಮೊದಲ ಸಲ ಗೇಮಿಂಗ್ ಪಿಸಿ ಕಟ್ಟಿಸುವವರು "ಯಾವ ಪ್ರೊಸೆಸರ್ ಹಾಕಿಸಲಿ?" ಎಂದೇ ಮಾತು ಶುರು ಮಾಡುತ್ತಾರೆ. ಎರಡು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ ನಾನು ಹೇಳುವುದು ಬೇರೆ. ಮೊದಲು ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಎತ್ತಿಡಿ. ಆಮೇಲೆ ಒಳ್ಳೆಯ ಎಸ್‌ಎಂಪಿಎಸ್‌ಗೆ, ಅಂದರೆ ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಕ್ಕೆ. ಉಳಿದಿದ್ದೆಲ್ಲ ಇವೆರಡರ ನಂತರ.

ನನ್ನ ಪಿಸಿಯಲ್ಲಿ ಇರುವುದು ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡ್, 550 ವ್ಯಾಟ್‌ನ 80 ಪ್ಲಸ್ ಬ್ರಾನ್ಜ್ (ಕರೆಂಟ್ ಪೋಲು ಕಡಿಮೆ ಎಂಬ ಪ್ರಮಾಣಪತ್ರ ಇರುವ) ಎಸ್‌ಎಂಪಿಎಸ್. 2023ರ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಂಗಡಿ ಅಂಗಡಿ ಸುತ್ತಿ ತಂದಿದ್ದು. ಬಳಸುತ್ತಿರುವುದು ದಾವಣಗೆರೆಯ ಮನೆಯಲ್ಲಿ. ಮಾನಿಟರ್ ಬಿಟ್ಟು ಅರವತ್ತು ಸಾವಿರದೊಳಗೆ ಮುಗಿಯಿತು. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಾರ್ಡ್‌ಗೇ ಹೋಯಿತು. ಗೇಮಿಂಗ್‌ಗೆ ಅಂತಲೇ ಕಟ್ಟಿಸುವ ಪಿಸಿಯಲ್ಲಿ ಲೆಕ್ಕ ಹಾಗೇ ಇರಬೇಕು.

ಆಗ ತುಂಬಾ ಜನ ಹಳೆಯ ಆರ್‌ಎಕ್ಸ್ 580 ಕಾರ್ಡ್ ತೆಗೆದುಕೋ ಎಂದರು. ಅರ್ಧ ರೇಟಿಗಿಂತ ಕಡಿಮೆಗೆ ಸಿಗುತ್ತಿತ್ತು, ನಿಜ. ಆದರೆ ಅವುಗಳಲ್ಲಿ ಎಷ್ಟೋ ಕಾರ್ಡ್‌ಗಳು ಹಗಲೂ ರಾತ್ರಿ ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದು ಬಂದಂಥವು. ಇನ್ನೊಂದು ಕಾರಣ ಈಗ ಎದ್ದು ಕಾಣುತ್ತಿದೆ. 2025ರಲ್ಲಿ ಬಂದ 'ಡೂಮ್: ದಿ ಡಾರ್ಕ್ ಏಜಸ್' ಆಟಕ್ಕೆ ಕಾರ್ಡ್‌ನಲ್ಲಿ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕಹಾಕಿ ತೋರಿಸುವುದು) ಹಾರ್ಡ್‌ವೇರ್ ಇರಲೇಬೇಕು. 580ರಲ್ಲಿ ಅದು ಇಲ್ಲ. 6600ರಲ್ಲಿ ಇದೆ. ಆ ಆಟಕ್ಕೆ ಕನಿಷ್ಠ ಇಷ್ಟು ಬೇಕು ಎಂದು ಕೊಟ್ಟಿರುವ ಪಟ್ಟಿಯಲ್ಲಿ ಇದೇ ಕಾರ್ಡ್‌ನ ಹೆಸರಿದೆ. ಹೊಸ ತಲೆಮಾರಿನ ಕಾರ್ಡ್‌ಗೆ ಕೊಟ್ಟ ದುಡ್ಡು ಎರಡನೇ ವರ್ಷದಲ್ಲಿ ಕೆಲಸಕ್ಕೆ ಬರುವುದು ಹೀಗೆ.

"ಈಗ 5600ಜಿ ಹಾಕಿಸಿ, ಕಾರ್ಡ್ ಆಮೇಲೆ ಕೊಳ್ಳಿ" ಅನ್ನೋ ಸಲಹೆಯೂ ಎಲ್ಲ ಕಡೆ ಸಿಗುತ್ತದೆ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರುವುದರಿಂದ ಅದು ಸುಲಭವಾದ ದಾರಿ ಅನ್ನಿಸುತ್ತದೆ. ಆದರೆ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಅತಿ ವೇಗದ ಮೆಮೊರಿ) 32 ಎಂಬಿ ಇದ್ದರೆ, 5600ಜಿಯಲ್ಲಿ 16 ಎಂಬಿ ಮಾತ್ರ. ಕಾರ್ಡ್ ಜೊತೆ ಮಾತಾಡುವ ಪಿಸಿಐಇ ಸಂಪರ್ಕ ಕೂಡ ಹಿಂದಿನ ತಲೆಮಾರಿನದು. ಮುಂದೆ ಕಾರ್ಡ್ ಹಾಕಿದಾಗ ಅದೇ ಪ್ರೊಸೆಸರ್ ಸ್ವಲ್ಪ ಹಿಂದೆ ಬೀಳುತ್ತದೆ. ಒಂದೆರಡು ತಿಂಗಳು ಕಾದರೆ ಕಾರ್ಡ್‌ಗೆ ದುಡ್ಡು ಕೂಡುತ್ತದೆ ಎನ್ನುವುದಾದರೆ ಕಾಯುವುದೇ ಒಳ್ಳೆಯದು. ಒಂದು ವರ್ಷ ಬೇಕಾಗುತ್ತದೆ ಎಂದರೆ ಮಾತ್ರ 5600ಜಿ ತೆಗೆದುಕೊಳ್ಳಿ. ಆಗಲೂ ರ‍್ಯಾಮ್ ಎರಡು ಕಡ್ಡಿ ಇರಲಿ, ಯಾಕೆಂದರೆ ಒಳಗಿನ ಗ್ರಾಫಿಕ್ಸ್ ಬಳಸಿಕೊಳ್ಳುವುದು ಅದೇ ರ‍್ಯಾಮನ್ನು.

ಈಗ ಎಸ್‌ಎಂಪಿಎಸ್ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಅಂಗಡಿಯಲ್ಲಿ "450 ವ್ಯಾಟ್ ಇದೆ ಸರ್, ಯಾಕೆ ಸುಮ್ನೆ ಜಾಸ್ತಿ ದುಡ್ಡು ಹಾಕ್ತೀರಾ" ಎಂದು ಸಾವಿರ ರೂಪಾಯಿಯೊಳಗಿನ ಒಂದು ಡಬ್ಬ ತೋರಿಸುತ್ತಾರೆ. ಅದನ್ನು ತಿರುಗಿಸಿ ಲೇಬಲ್ ನೋಡಿ. +12 ವೋಲ್ಟ್ ಎಂದಿರುವ ಕಡೆ ಎಷ್ಟು ಆಂಪಿಯರ್ ಬರೆದಿದೆ? 18 ಎಂದಿದ್ದರೆ 12ರಿಂದ ಗುಣಿಸಿ. 216 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ ಈ 12 ವೋಲ್ಟ್‌ನಿಂದಲೇ. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ತಿನ್ನುತ್ತದೆ. ಅಂದರೆ ಡಬ್ಬದ ಮೇಲಿನ 450 ನಿಮ್ಮ ಉಪಯೋಗಕ್ಕೆ ಬರುವ 450 ಅಲ್ಲ. ಒಳ್ಳೆಯ 550 ವ್ಯಾಟ್ ಬ್ರಾನ್ಜ್ ಯೂನಿಟ್‌ನಲ್ಲಿ 12 ವೋಲ್ಟ್‌ಗೆ 45 ಆಂಪಿಯರ್ ಆಸುಪಾಸು ಇರುತ್ತದೆ. ಕೆಲವು ಅಗ್ಗದವುಗಳಲ್ಲಿ ಕಾರ್ಡ್‌ಗೆ ಬೇಕಾದ 8 ಪಿನ್ ಕನೆಕ್ಟರ್ ಕೂಡ ಇರುವುದಿಲ್ಲ. ಕನ್ವರ್ಟರ್ ವಯರ್ ಹಾಕಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಆ ವಯರ್ ಬಿಸಿಯಾಗಿ ಕರಗಿದರೆ ಕಾರ್ಡ್ ಕೂಡ ಹೋಗಬಹುದು.

ನಮ್ಮ ಬೀದಿಯಲ್ಲಿ ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ. ಕರೆಂಟ್ ಹೋಗುವುದಕ್ಕಿಂತ ಹೋಗಿ ಬರುವ ಆ ಕ್ಷಣವೇ ಅಪಾಯ. ಈ ಎರಡು ವರ್ಷದಲ್ಲಿ ಮನೆಯ ಒಂದು ಎಲ್‌ಇಡಿ ಬಲ್ಬ್, ವೈಫೈ ಅಡಾಪ್ಟರ್ ಹೋಗಿವೆ. ಪಿಸಿಗೆ ಏನೂ ಆಗಿಲ್ಲ. ಎಸ್‌ಎಂಪಿಎಸ್ ಜೊತೆಗೆ ಸಾಕೆಟ್‌ನ ಅರ್ಥಿಂಗ್ ಸರಿಯಾಗಿರುವುದೂ ಇದಕ್ಕೆ ಕಾರಣ. ಪಿಸಿ ತರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿಬಿಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಅಂದರೆ ಅರ್ಥಿಂಗ್ ಸರಿಯಿಲ್ಲದಿರಬಹುದು.

ಯುಪಿಎಸ್ ಕೊಳ್ಳುವಾಗಲೂ ಡಬ್ಬದ ಮೇಲಿನ ವಿಎ (ವೋಲ್ಟ್-ಆಂಪಿಯರ್) ಅಲ್ಲ, ವ್ಯಾಟ್ ನೋಡಿ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಆಟ ಆಡುವಾಗ ನನ್ನ ಪಿಸಿ, ಮಾನಿಟರ್ ಸೇರಿ ಮುನ್ನೂರರ ಹತ್ತಿರ ಹೋಗುತ್ತದೆ. ಹಾಗಾಗಿ 1100 ವಿಎ ತೆಗೆದುಕೊಂಡೆ. ಕರೆಂಟ್ ಹೋದಾಗ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಆರಾಮಾಗಿ ಸಿಗುತ್ತದೆ. ಬಿಲ್ ಬಗ್ಗೆ ಅಪ್ಪ ಅಮ್ಮ ಕೇಳಿದರೆ ಹೇಳಿ: ಮೂರೂವರೆ ಗಂಟೆ ಆಡಿದರೆ ಹತ್ತಿರ ಹತ್ತಿರ ಒಂದು ಯೂನಿಟ್.

ಕ್ಯಾಬಿನೆಟ್ ವಿಷಯದಲ್ಲಿ ಬಣ್ಣದ ಲೈಟ್ ನೋಡಬೇಡಿ, ಮುಂದೆ ಜಾಲರಿ ಇದೆಯಾ ನೋಡಿ. ಮುಂಭಾಗ ಪೂರ್ತಿ ಗಾಜಿದ್ದರೆ ಫ್ಯಾನ್ ಎಷ್ಟಿದ್ದರೂ ಗಾಳಿ ಒಳಗೆ ಬರುವುದು ಕಷ್ಟ. ನನ್ನದು ಜಾಲರಿಯದು. ಏಪ್ರಿಲ್‌ನ ಮಧ್ಯಾಹ್ನ ಎಸಿ ಇಲ್ಲದ ರೂಮಿನಲ್ಲೂ ಕಾರ್ಡ್‌ನ ಬಿಸಿ 80 ಡಿಗ್ರಿ ಮುಟ್ಟಿಲ್ಲ. ಧೂಳು ಮಾತ್ರ ಕೂರುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ತೊಳೆಯುತ್ತೇನೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಿರಿ.

ದುಡ್ಡೇ ಬೇಡದ ಎರಡು ಕೆಲಸಗಳಿವೆ. ಹಲವು 3200ರ ರ‍್ಯಾಮ್‌ಗಳು ತಾವಾಗಿ ಆ ವೇಗದಲ್ಲಿ ಓಡುವುದಿಲ್ಲ. ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಹೋಗಿ, ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಬೇಕು. ಹಾಗೇ 144 ಅಥವಾ 165 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ) ಮಾನಿಟರ್ ತಂದರೂ ವಿಂಡೋಸ್‌ನಲ್ಲಿ ಅದು 60ರಲ್ಲೇ ಇರಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಆಡಿದವರನ್ನು ಕಂಡಿದ್ದೇನೆ, ನಿಜಕ್ಕೂ ಬೇಜಾರಾಗುತ್ತದೆ.

ಆಟದ ಅನುಭವ ಹೇಗಿದೆ? 1080ಪಿಯಲ್ಲಿ ವ್ಯಾಲೊರಂಟ್, ಜಿಟಿಎ 5 ನೀರು ಕುಡಿದಷ್ಟು ಸಲೀಸು. ಸೈಬರ್‌ಪಂಕ್ 2077 ಕೂಡ ರೇ ಟ್ರೇಸಿಂಗ್ ಇಲ್ಲದೆ ಚೆನ್ನಾಗಿ ಓಡುತ್ತದೆ. ರೇ ಟ್ರೇಸಿಂಗ್ ಆನ್ ಮಾಡಿದರೆ ಈ ಕಾರ್ಡ್ ಸುಸ್ತಾಗುತ್ತದೆ. ಈಚಿನ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಪೂರ್ತಿ ಏರಿಸಿದರೆ ಕಾರ್ಡ್‌ನ 8 ಜಿಬಿ ಮೆಮೊರಿ ಸಾಲುವುದಿಲ್ಲ, ಒಂದು ಹಂತ ಇಳಿಸಬೇಕು. ಆಟದ ಜೊತೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ಕಲಿಯುವ ಆಸೆ ಇದ್ದವರು, ಮನೆಯಲ್ಲೇ ಎಐ ಮಾಡೆಲ್ ಓಡಿಸಿ ನೋಡುವವರು ಎನ್ವಿಡಿಯಾ ಕಾರ್ಡ್ ಕಡೆ ಹೋಗಲಿ. ಅಂಥ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಎನ್ವಿಡಿಯಾದ್ದೇ ಆದ 'ಕೂಡಾ' (CUDA) ತಂತ್ರಜ್ಞಾನದ ಮೇಲೆ ನಿಂತಿವೆ.

2025ರ ಕೊನೆಯಿಂದ ರ‍್ಯಾಮ್ ರೇಟ್ ವಿಪರೀತ ಏರಿರುವುದರಿಂದ ಈಗ ಕಟ್ಟಿಸುವವರಿಗೆ ಲೆಕ್ಕ ಬಿಗಿಯಾಗಿದೆ. ಹಾಗೆಂದು 8 ಜಿಬಿಗೆ ಇಳಿಯಬೇಡಿ, 16 ಬೇಕೇ ಬೇಕು. ಉಳಿಸಬೇಕಿದ್ದರೆ ಕ್ಯಾಬಿನೆಟ್‌ನ ಲೈಟ್‌ನಲ್ಲಿ, ದುಬಾರಿ ಕೂಲರ್‌ನಲ್ಲಿ ಉಳಿಸಿ. 5600ರ ಬಾಕ್ಸ್‌ನಲ್ಲೇ ಕೂಲರ್ ಬರುತ್ತದೆ, ಅದು ಸಾಕು. ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರ್ ಕೊಟ್ಟರೆ ಕೂಲರ್ ಬೇರೆ ಕೊಳ್ಳಬೇಕಾಗಬಹುದು, ವಾರಂಟಿಯನ್ನೂ ಅಂಗಡಿಯವರ ಹತ್ತಿರವೇ ಕೇಳಬೇಕಾಗುತ್ತದೆ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬರೆಸಿಕೊಂಡು, ಅಲ್ಲೇ ನಿಂತು ಬಾಕ್ಸ್ ಮೇಲಿನ ನಂಬರ್ ಜೊತೆ ಹೋಲಿಸಿ ನೋಡಿ.