ಕ್ಷೇತ್ರದ ಇತಿಹಾಸ ತಿಳಿಯಲು ಚುನಾವಣಾ ಆಯೋಗದ ಅಂಕಿಅಂಶ ವರದಿ: ಒಂದು ವಿಮರ್ಶೆ

ವಿಧಾನಸಭಾ ಕ್ಷೇತ್ರವೊಂದರ ರಾಜಕೀಯ ಇತಿಹಾಸ ಬರೆಯುವವರಿಗೆ ಭಾರತ ಚುನಾವಣಾ ಆಯೋಗದ ಅಂಕಿಅಂಶ ವರದಿಗಿಂತ ಒಳ್ಳೆಯ ಆಧಾರವಿಲ್ಲ. ಪ್ರತಿ ಅಭ್ಯರ್ಥಿಯ ಮತ, ಪಕ್ಷ, ಒಟ್ಟು ಮತದಾರರು, ಎಲ್ಲವೂ ಉಚಿತ. ಆದರೆ ವರದಿಗಳನ್ನು ಸಾಲಾಗಿ ಜೋಡಿಸಿದರೆ ಇತಿಹಾಸವಾಗುವುದಿಲ್ಲ.

ದೊಡ್ಡ ಕೊರತೆ ಉಪಚುನಾವಣೆಯದು. ರಾಮನಗರವನ್ನೇ ನೋಡಿ: 2018ರ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಗೆದ್ದವರು ಎಚ್.ಡಿ. ಕುಮಾರಸ್ವಾಮಿ. ಚನ್ನಪಟ್ಟಣದಲ್ಲೂ ಗೆದ್ದಿದ್ದ ಅವರು ಅದನ್ನು ಉಳಿಸಿಕೊಂಡು ರಾಮನಗರ ಬಿಟ್ಟರು. ಅದೇ ವರ್ಷದ ಉಪಚುನಾವಣೆಯಲ್ಲಿ ಅನಿತಾ ಕುಮಾರಸ್ವಾಮಿ ಗೆದ್ದು 2023ರವರೆಗೆ ಶಾಸಕಿಯಾಗಿದ್ದರು. ಉಪಚುನಾವಣೆಯ ಫಲಿತಾಂಶವನ್ನು ಬೇರೆಯಾಗಿ ಹುಡುಕಿ ಸೇರಿಸಲೇಬೇಕು.

ಇನ್ನೊಂದು ತೊಡಕು ಪುನರ್ವಿಂಗಡಣೆ, ಅಂದರೆ ಕ್ಷೇತ್ರಗಳ ಸಂಖ್ಯೆ ಮತ್ತು ಗಡಿಗಳನ್ನು ಹೊಸದಾಗಿ ನಿಗದಿಪಡಿಸುವುದು. ಕರ್ನಾಟಕದಲ್ಲಿ 1957ರಲ್ಲಿ 208 ಸ್ಥಾನ, 1967ರಲ್ಲಿ 216, 1978ರಿಂದ 224. 2008ರಲ್ಲಿ ಸಂಖ್ಯೆ ಬದಲಾಗಲಿಲ್ಲ, ಗಡಿಗಳು ಬದಲಾದವು. ಡಿ.ಕೆ. ಶಿವಕುಮಾರ್ ಗೆಲ್ಲುತ್ತಿದ್ದ ಸಾತನೂರು ಕ್ಷೇತ್ರವೇ ಇಲ್ಲವಾಗಿ, ಅವರು ಕನಕಪುರಕ್ಕೆ ಬಂದರು. ಹಾಗಾಗಿ 2004ರ ಮತ್ತು 2008ರ ಕನಕಪುರದ ಮತಪ್ರಮಾಣವನ್ನು ನೇರವಾಗಿ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಮೊದಲು ಪುನರ್ವಿಂಗಡಣಾ ಆದೇಶ ತೆರೆದು ಹೋಬಳಿಗಳನ್ನು ತಾಳೆ ನೋಡಿ. 1957ರ ದ್ವಿಸದಸ್ಯ ಕ್ಷೇತ್ರಗಳಲ್ಲಿ (ಇಬ್ಬರು ಶಾಸಕರನ್ನು ಆರಿಸುವ ಕ್ಷೇತ್ರಗಳು) ಒಬ್ಬ ಮತದಾರನಿಗೆ ಎರಡು ಮತ. ಅಲ್ಲಿನ ಶೇಕಡಾವಾರು ಲೆಕ್ಕವೇ ಬೇರೆ.

ಮತಗಟ್ಟೆವಾರು ವಿವರ ಬೇಕಿದ್ದರೆ ರಾಜ್ಯ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ನಮೂನೆ 20 (ಅಂತಿಮ ಫಲಿತಾಂಶ ಪಟ್ಟಿ) ನೋಡಿ. ಅದರಲ್ಲಿ ಮತಗಟ್ಟೆಯ ಸಂಖ್ಯೆ ಮಾತ್ರ ಇರುತ್ತದೆ. ಊರಿನ ಹೆಸರಿಗೆ ಅದೇ ಚುನಾವಣೆಯ ಮತಗಟ್ಟೆ ಪಟ್ಟಿ ಪಕ್ಕದಲ್ಲಿರಲಿ.