ಬೂಟ್ ಆಗುವಾಗ ಹಳೇ ಲಾಕ್ ಫೈಲ್ ಅಳಿಸೋದು: ನಾನು ಮಾಡಿ ನೋಡಿದ ದಾರಿಗಳು

ಊರಿನ ಮನೆಯ ಅಟ್ಟದಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಷ್ಟರ ಲಿನಕ್ಸ್ ಕಂಪ್ಯೂಟರ್) ಇದೆ. ಮಳೆ ಎಷ್ಟು ಬಂತು ಅಂತ ಬರೆದಿಡುವುದು ಅದರ ಕೆಲಸ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲು. ಹಾಗೆ ದಿಢೀರ್ ಅಂತ ಆರಿದಾಗ ಪ್ರೋಗ್ರಾಂನ ಲಾಕ್ ಫೈಲ್ (ಓಡುತ್ತಿರುವ ತನಕ ಅದು ಇಟ್ಟುಕೊಳ್ಳುವ ಗುರುತು) ಅಲ್ಲೇ ಉಳಿಯುತ್ತದೆ. ಕರೆಂಟ್ ಬಂದ ಮೇಲೆ ಪ್ರೋಗ್ರಾಂ ಅದನ್ನು ನೋಡಿ, 'ಓ, ನಾನು ಆಗಲೇ ಓಡ್ತಾ ಇದ್ದೀನಿ' ಅಂದುಕೊಂಡು ಸುಮ್ಮನೆ ಮುಗಿದುಬಿಡುತ್ತದೆ. ಹಾಗಾಗಿ ಬೂಟ್ ಸ್ಕ್ರಿಪ್ಟ್ (ಪೈ ಶುರುವಾಗುವಾಗ ಓಡುವ ಆಜ್ಞೆಗಳ ಪಟ್ಟಿ) ಮೊದಲು ಆ ಫೈಲ್ ಅಳಿಸಬೇಕು. ಆಗ ಸ್ಕ್ರೀನ್ ಮುಂದೆ ಯಾರೂ ಇರುವುದಿಲ್ಲ. ಫೋನ್ ಮಾಡಿ ಕೇಳಿದರೆ ಅಪ್ಪ ಹೇಳುವುದು ಇಷ್ಟೇ: "ಕೆಂಪು ದೀಪ ಉರೀತಾ ಇದೆ ಮಗಾ."

ಮೊದಲು ಬರೀ 'ಆರ್‌ಎಂ' (ಫೈಲ್ ಅಳಿಸುವ ಆಜ್ಞೆ) ಹಾಕಿದ್ದೆ, ಮೇಲೆ 'ಸೆಟ್ -ಇ' (ಒಂದು ಆಜ್ಞೆ ತಪ್ಪಿದರೆ ಸ್ಕ್ರಿಪ್ಟ್ ನಿಲ್ಲಿಸು ಅನ್ನುವುದು) ಇತ್ತು. ಸರಿಯಾಗಿ ಶಟ್‌ಡೌನ್ ಆದ ದಿನ ಲಾಕ್ ಫೈಲೇ ಇರುವುದಿಲ್ಲ. ಆರ್‌ಎಂ ತಪ್ಪು ಅನ್ನುತ್ತದೆ, ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಎಲ್ಲ ಸರಿ ಇದ್ದಾಗಲೇ ಕೈ ಕೊಡುವ ಸ್ಕ್ರಿಪ್ಟ್!

ಆಮೇಲೆ ಫೈಲ್ ಇದ್ದರೆ ಮಾತ್ರ ಅಳಿಸು ಅಂತ ಬರೆದೆ. ಓದಲು ಚೆನ್ನಾಗಿದೆ. ಆದರೆ '[ -ಇ ಫೈಲ್ ] && ಆರ್‌ಎಂ ಫೈಲ್' ಅನ್ನುವುದು ಸ್ಕ್ರಿಪ್ಟಿನ ಕೊನೆಯ ಸಾಲಾಗಿದ್ದು, ಫೈಲ್ ಇಲ್ಲದಿದ್ದರೆ, ಇಡೀ ಸ್ಕ್ರಿಪ್ಟ್ 1 ಅಂತ ಮುಗಿಯುತ್ತದೆ (0 ಅಂದರೆ ಸರಿಯಾಯಿತು, ಬೇರೆ ಅಂಕಿ ಅಂದರೆ ತಪ್ಪಾಯಿತು). ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಅದನ್ನು ಸೋಲು ಅಂತಲೇ ಲೆಕ್ಕ ಹಾಕುತ್ತದೆ.

ಸಿಟ್ಟಿಗೆದ್ದು ಕೊನೆಗೆ '|| ಟ್ರೂ' (ತಪ್ಪಾದರೂ ಸರಿ ಅಂದುಕೋ) ಸೇರಿಸಿದೆ. ಎರರ್ ಸಂದೇಶವನ್ನೂ ಡೆವ್‌ನಲ್‌ಗೆ (ಬಿದ್ದದ್ದೆಲ್ಲ ಮಾಯವಾಗುವ ಜಾಗ) ತಳ್ಳಿದೆ. ಇದರಷ್ಟು ಹಾಯಾದದ್ದು ಬೇರೆ ಇಲ್ಲ, ಅಪಾಯದ್ದೂ ಇದೇ. ಡೇಟಾ ಇರುವ ಪಾರ್ಟಿಷನ್ ಅನ್ನು ಬೇಕಂತಲೇ ರೀಡ್-ಓನ್ಲಿ (ಓದಬಹುದು, ಬರೆಯಲಾಗದು) ಮಾಡಿ ನೋಡಿದೆ. ಮೆಮರಿ ಕಾರ್ಡ್ ಹಾಳಾಗತೊಡಗಿದಾಗ ಲಿನಕ್ಸ್ ತಾನಾಗಿಯೇ ಹೀಗೆ ಮಾಡುವುದುಂಟು. ಲಾಕ್ ಅಳಿಯಲಿಲ್ಲ, ಸ್ಕ್ರಿಪ್ಟ್ ಮುಂದೆ ಹೋಯಿತು, ಪ್ರೋಗ್ರಾಂ ಲಾಕ್ ನೋಡಿ 0 ಅಂತ ಮುಗಿಯಿತು. ಎಲ್ಲೂ ಒಂದು ದೂರಿಲ್ಲ. ಮಳೆ ಲೆಕ್ಕವೂ ಇಲ್ಲ.

ಅದೇ ಪರೀಕ್ಷೆಯನ್ನು 'ಆರ್‌ಎಂ -ಎಫ್' ಜೊತೆ ಮಾಡಿದೆ. ಎಫ್ ಅಂದರೆ ಎಲ್ಲ ತಪ್ಪನ್ನೂ ನುಂಗುತ್ತದೆ ಅಂತ ತುಂಬಾ ದಿನ ನಂಬಿದ್ದೆ, ಹಾಗೇನಿಲ್ಲ. ಅದು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಫೈಲ್ ಇಲ್ಲದಿದ್ದರೆ ತಪ್ಪು ಅನ್ನುವುದಿಲ್ಲ, ಅಷ್ಟೇ. ಡಿಸ್ಕ್ ರೀಡ್-ಓನ್ಲಿ ಆಗಿದ್ದರೆ ಹೇಳುತ್ತದೆ. ಲಾಕ್ ಹೆಸರಿನಲ್ಲಿ ಡೈರೆಕ್ಟರಿ ಇದ್ದರೂ ಹೇಳುತ್ತದೆ. 'ಸಿಎಚ್‌ಅಟ್ಟರ್ +ಐ' ಹಾಕಿ ಬದಲಿಸಲಾಗದಂತೆ ಮಾಡಿದ ಫೈಲನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿದ್ದರೂ ಅಳಿಸಲಾಗದೆ 1 ಕೊಡುತ್ತದೆ. (ಮೊದಲು ಸಿಎಚ್‌ಮಾಡ್ 000 ಹಾಕಿ, ಫೈಲಿನ ಅನುಮತಿಯನ್ನೆಲ್ಲ ತೆಗೆದು ನೋಡಿದ್ದೆ. ಫೈಲ್ ಆರಾಮಾಗಿ ಅಳಿಸಿಹೋಯಿತು. ಅಳಿಸಲು ಬೇಕಾದದ್ದು ಡೈರೆಕ್ಟರಿಯ ಅನುಮತಿ, ಫೈಲಿನದ್ದಲ್ಲ.) ನನಗೆ ಬೇಕಿದ್ದದ್ದು ಸರಿಯಾಗಿ ಇದೇ.

ಆದರೂ ಲಾಕ್ ಮಟ್ಟಿಗೆ ಗೆದ್ದದ್ದು ಅಳಿಸುವ ಕೆಲಸವೇ ಇಲ್ಲದ ದಾರಿ. /ರನ್ ಅನ್ನುವ ಡೈರೆಕ್ಟರಿ ಇರುವುದು ರ‍್ಯಾಮ್‌ನಲ್ಲಿ, ಲಾಕ್ ಅಲ್ಲಿಟ್ಟರೆ ಕರೆಂಟ್ ಹೋದಾಗ ಅದೂ ಹೋಯಿತು. ಸರ್ವಿಸ್ ಫೈಲಿನಲ್ಲಿ 'ರನ್‌ಟೈಮ್‌ಡೈರೆಕ್ಟರಿ=ಮಳೆ' ಅಂತ ಒಂದು ಸಾಲು ಬರೆದರೆ ಸಿಸ್ಟಮ್‌ಡಿ ಶುರುವಿನಲ್ಲಿ ಅಲ್ಲಿ ಡೈರೆಕ್ಟರಿ ಮಾಡುತ್ತದೆ, ಸರ್ವಿಸ್ ನಿಂತಾಗ ತಾನೇ ತೆಗೆಯುತ್ತದೆ. ಟೆಂಪ್‌ಫೈಲ್ಸ್‌ನ (ತಾತ್ಕಾಲಿಕ ಫೈಲ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಸೌಲಭ್ಯ) 'ಆರ್!' ಸಾಲನ್ನೂ ನೋಡಿದೆ. ಬೂಟ್ ಹೊತ್ತಿಗೆ ಮಾತ್ರ ಅಳಿಸುತ್ತದೆ, ಚೆನ್ನಾಗಿದೆ, ಆದರೆ ಒಂದು ಫೈಲಿಗೋಸ್ಕರ ಇನ್ನೊಂದು ಕಾನ್ಫಿಗ್ ಫೈಲ್ ಯಾಕೆ ಅನಿಸಿತು.

ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಡೇಟಾ ಫೈಲನ್ನೂ ಬೂಟ್ ಹೊತ್ತಿಗೆ ಅಳಿಸಬೇಕು, ಆದರೆ ಅದು ಕಾರ್ಡಿನಲ್ಲೇ ಇರಬೇಕು. ಅದಕ್ಕೆ 'ಸೆಟ್ -ಇ' ಕೆಳಗೆ 'ಆರ್‌ಎಂ -ಎಫ್' ಉಳಿಸಿಕೊಂಡಿದ್ದೇನೆ. ಅಳಿಸಲಾಗದಿದ್ದರೆ ಸರ್ವಿಸ್ ನಿಲ್ಲಲಿ. ಬೆಂಗಳೂರಿನಿಂದ 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' (ಸೋತ ಸರ್ವಿಸ್‌ಗಳ ಪಟ್ಟಿ ಕೊಡುವ ಆಜ್ಞೆ) ಹೊಡೆದರೆ ಕೆಂಪಗೆ ಕಾಣುತ್ತದೆ, ಅಪ್ಪ ಅಟ್ಟ ಹತ್ತಬೇಕಾಗಿಲ್ಲ.